ಮೂರು ದಿನದ ಸ್ಪರ್ಧೆಗೆ ಪ್ರಿಂಟರ್: ಬಾಡಿಗೆಯೋ, ಖರೀದಿಯೋ, ಝೆರಾಕ್ಸ್ ಅಂಗಡಿಯೋ?

ಕಾಲೇಜಿನ ತಾಂತ್ರಿಕ ಸ್ಪರ್ಧೆಯ ಬಜೆಟ್ ಹಾಳೆಯಲ್ಲಿ ಊಟ, ಪೆಂಡಾಲ್, ಸೌಂಡ್ ಸಿಸ್ಟಂ, ಟ್ರೋಫಿ, ತೀರ್ಪುಗಾರರ ಪ್ರಯಾಣ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಪ್ರಿಂಟಿಂಗ್ ಮಾತ್ರ ‘ಸ್ಟೇಷನರಿ ಮತ್ತು ಇತರೆ’ ಎಂಬ ಕೊನೆಯ ಸಾಲಿನಲ್ಲಿ ಸೇರಿಹೋಗಿರುತ್ತದೆ. ಆದರೆ ಸ್ಪರ್ಧೆಯ ದಿನ ಬೆಳಿಗ್ಗೆ ನೋಂದಣಿ ಟೇಬಲ್ ಮುಂದೆ ಅರವತ್ತು ತಂಡಗಳು ಬಂದು ನಿಂತಾಗ, ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ಶುರುವಾಗುವುದು ಆ ಕೊನೆಯ ಸಾಲನ್ನು ನಂಬಿಕೊಂಡು.

ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಇಂಥ ಕಾರ್ಯಕ್ರಮಗಳಿಗೆ ಬರವಿಲ್ಲ. ವಿದ್ಯಾನಗರದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು, ಐಐಟಿ, ಐಐಐಟಿ, ಗದಗಿನ ತೋಂಟದಾರ್ಯ ಕಾಲೇಜು, ಹಾವೇರಿ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹೀಗೆ ಒಂದೇ ಸೀಮೆಯಲ್ಲಿ ಇಷ್ಟೊಂದು ಸಂಸ್ಥೆಗಳಿವೆ. ರೋಬೋ ಸ್ಪರ್ಧೆ, ಗೋ-ಕಾರ್ಟ್, ಸೇತುವೆ ಮಾದರಿ, ಹ್ಯಾಕಥಾನ್, ಪೋಸ್ಟರ್ ಮಂಡನೆ ಯಾವುದೇ ಇರಲಿ, ಸಂಘಟಿಸುವ ವಿದ್ಯಾರ್ಥಿಗಳಿಗೂ ಜೊತೆ ನಿಲ್ಲುವ ಉಪನ್ಯಾಸಕರಿಗೂ ಪ್ರಿಂಟರ್ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವರಿಗಾಗಿ ಈ ಬರಹ.

ಪುಟ ಎಣಿಸುವ ಮೊದಲು ಗಂಟೆ ಎಣಿಸಿ

‘ಒಟ್ಟು ಎಷ್ಟು ಪುಟ ಆಗಬಹುದು?’ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಅದು ದುಡ್ಡಿನ ಲೆಕ್ಕಕ್ಕೆ ಬೇಕು, ಆದರೆ ಯಾವ ವ್ಯವಸ್ಥೆ ಬೇಕು ಎಂಬುದನ್ನು ಅದು ಹೇಳುವುದಿಲ್ಲ. ಕೇಳಬೇಕಾದದ್ದು ಇದು: ಮೂರು ದಿನದಲ್ಲಿ ಅತಿ ಹೆಚ್ಚು ಒತ್ತಡ ಬೀಳುವ ಒಂದು ಗಂಟೆ ಯಾವುದು, ಆ ಗಂಟೆಯಲ್ಲಿ ಎಷ್ಟು ಪುಟ ಹೊರಬರಬೇಕು?

ಒಂದು ವಾಹನ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿಗಳು ತಾವೇ ಕಟ್ಟಿದ ವಾಹನ ಓಡಿಸುವ ಬಾಹಾ, ಸುಪ್ರಾ ಮಾದರಿಯ ಸ್ಪರ್ಧೆಗಳಲ್ಲಿ ತಾಂತ್ರಿಕ ತಪಾಸಣೆ ದಾಟದೆ ವಾಹನ ಟ್ರ್ಯಾಕಿಗೆ ಇಳಿಯುವ ಹಾಗಿಲ್ಲ. ಬ್ರೇಕು, ಚಾಲಕನ ಬೆಲ್ಟು, ವಾಹನವನ್ನು ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ಚು ಒಂದೊಂದನ್ನೂ ನೋಡಿ ತಪಾಸಕರು ಟಿಕ್ ಹಾಕಿ ಸಹಿ ಮಾಡುವ ಹಾಳೆಗಳು ಪ್ರತಿ ತಂಡಕ್ಕೂ ಬೇಕು. ನಮ್ಮೂರಿನ ಸಣ್ಣ ಸ್ಪರ್ಧೆಯಲ್ಲೂ ಕ್ರಮ ಅದೇ. ತಂಡಕ್ಕೆ 12 ಪುಟ ಎಂದರೆ 60 ತಂಡಕ್ಕೆ 720 ಪುಟ. ನಿಮಿಷಕ್ಕೆ 10 ಪುಟ ತೆಗೆಯುವ ಯಂತ್ರಕ್ಕೆ ಇದು 72 ನಿಮಿಷದ ಕೆಲಸ, 25 ಪುಟ ತೆಗೆಯುವ ಯಂತ್ರಕ್ಕೆ 29 ನಿಮಿಷದ್ದು. ಇದನ್ನು ಹಿಂದಿನ ರಾತ್ರಿಯೇ ಮುಗಿಸಿಟ್ಟರೆ ಎರಡೂ ಯಂತ್ರ ಸಮ. ಬೆಳಿಗ್ಗೆ ಚಾಲಕರ ಹೆಸರು ಬದಲಾಗಿ, ತಂಡದ ಸಂಖ್ಯೆ ಅದಲುಬದಲಾಗಿ, ಹೊಸ ಪಟ್ಟಿ ತೆಗೆಯಬೇಕಾದರೆ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಎರಡು ಪಟ್ಟಿ ಮಾಡಿ. ಒಂದರಲ್ಲಿ ಹಿಂದಿನ ದಿನವೇ ಸಿದ್ಧವಾಗಬಲ್ಲದ್ದು: ನಿಯಮ ಪುಸ್ತಕ, ತಪಾಸಣೆ ಹಾಳೆ, ತೀರ್ಪುಗಾರರ ಖಾಲಿ ಅಂಕಪಟ್ಟಿ, ದಿಕ್ಕು ತೋರಿಸುವ ಫಲಕ, ಊಟದ ಕೂಪನ್, ಭಾಗವಹಿಸಿದವರ ಪ್ರಮಾಣಪತ್ರ. ಇನ್ನೊಂದರಲ್ಲಿ ಸ್ಥಳದಲ್ಲೇ ಹುಟ್ಟುವಂಥದ್ದು: ಬದಲಾದ ತಂಡಪಟ್ಟಿ, ಓಟದ ಕ್ರಮ, ಸುತ್ತಿನ ಫಲಿತಾಂಶ, ಆಕ್ಷೇಪಣೆ ಅರ್ಜಿ, ವಿಜೇತರ ಪ್ರಮಾಣಪತ್ರ. ಎರಡನೆಯ ಪಟ್ಟಿ ಸಾಮಾನ್ಯವಾಗಿ ಚಿಕ್ಕದು, ಆದರೆ ಸ್ಪರ್ಧೆಯ ಜೀವ ಅದರಲ್ಲೇ ಇರುತ್ತದೆ. ಯಂತ್ರವನ್ನು ಆರಿಸಬೇಕಾದದ್ದು ಈ ಎರಡನೆಯ ಪಟ್ಟಿಗಾಗಿ.

ಡಬ್ಬಿಯ ಮೇಲಿನ ವೇಗವನ್ನು ಮಾತ್ರ ಹಾಗೇ ನಂಬಬೇಡಿ. ಎಪ್ಸನ್ ಎಲ್3250ರ ಜಾಹೀರಾತಿನಲ್ಲಿ ನಿಮಿಷಕ್ಕೆ 33 ಪುಟ ಎಂದಿದೆ. ಅದು ಡ್ರಾಫ್ಟ್ ಮೋಡ್‌ನ ಮಸುಕು ಮುದ್ರಣದ ವೇಗ. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಅಳತೆಯಲ್ಲಿ ಕಪ್ಪು-ಬಿಳುಪಿಗೆ ಅದರ ವೇಗ ಸುಮಾರು 10. ಕೊಟೇಶನ್ ಕೇಳುವಾಗ ಐಎಸ್‌ಒ ವೇಗ ಎಷ್ಟೆಂದೇ ಕೇಳಿ.

ಝೆರಾಕ್ಸ್ ಅಂಗಡಿಗೆ ಹೋಗಿ ಬರುವುದು

ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಕಾರ್ಯಕ್ರಮವಿದ್ದರೆ ಈ ದಾರಿಯನ್ನು ಹಗುರವಾಗಿ ನೋಡಬೇಡಿ. ಸಪ್ತಾಪುರದ ಕೋಚಿಂಗ್ ಬೀದಿಗಳ ಝೆರಾಕ್ಸ್ ಅಂಗಡಿಗಳಿಗೆ ದಪ್ಪ ದಪ್ಪ ನೋಟ್ಸ್ ಕಟ್ಟುಗಳನ್ನು ಎರಡೂ ಬದಿ ತೆಗೆದು ಸ್ಪೈರಲ್ ಹಾಕಿ ಕೊಡುವುದು ದಿನನಿತ್ಯದ ಕೆಲಸ. ನಿಮ್ಮ ಮೊದಲ ಪಟ್ಟಿಯನ್ನು ಪೂರ್ತಿ ಅವರಿಗೇ ಕೊಡಿ. ಹಾಳೆ, ಟೋನರ್ (ಯಂತ್ರದ ಮಸಿಪುಡಿ), ಕರೆಂಟು, ಕೆಟ್ಟರೆ ರಿಪೇರಿ ಎಲ್ಲ ಅವರದೇ ತಲೆನೋವು.

ಎರಡನೆಯ ಪಟ್ಟಿಗೆ ಇದು ಒಗ್ಗುವುದಿಲ್ಲ. ಧಾರವಾಡ ಐಐಟಿಯ ಚಿಕ್ಕಮಲ್ಲಿಗವಾಡದ ಆವರಣವಾಗಲಿ, ಹಾವೇರಿಯ ದೇವಗಿರಿಯಾಗಲಿ ಪೇಟೆಯಿಂದ ದೂರ. ಅಲ್ಲಿಂದ ಒಬ್ಬ ಸ್ವಯಂಸೇವಕ ಪೆನ್‌ಡ್ರೈವ್ ಹಿಡಿದು ಬೈಕ್ ಹತ್ತಿ ಹೋಗಿ, ಸರದಿ ಕಾದು, ಮರಳಿ ಬರುವ ಹೊತ್ತಿಗೆ ಆಕ್ಷೇಪಣೆಗೆ ಕೊಟ್ಟ ಅರ್ಧ ಗಂಟೆ ಮುಗಿದಿರುತ್ತದೆ. ಹೋದವನ ಕೈಯಲ್ಲಿರುವುದು ಹಳೆಯ ಫೈಲ್ ಆಗಿಬಿಟ್ಟರಂತೂ ಇನ್ನೊಂದು ಸುತ್ತು.

ಅಂಗಡಿಯವರನ್ನೇ ಕರೆತಂದು ಕೂರಿಸುವುದು

ನನಗೆ ಎಲ್ಲಕ್ಕಿಂತ ಹಿಡಿಸಿದ ದಾರಿ ಇದು. ಎಂಬತ್ತು ತಂಡದೊಳಗಿನ ಸ್ಪರ್ಧೆಗೆ ಇದನ್ನೇ ಮೊದಲು ಯೋಚಿಸಿ ಎನ್ನುತ್ತೇನೆ. ಕಾಲೇಜಿನ ಹತ್ತಿರದ ಝೆರಾಕ್ಸ್ ಅಂಗಡಿಯವರಿಗೆ ಆವರಣದಲ್ಲೇ ಒಂದು ಸ್ಟಾಲು, ಎರಡು ಟೇಬಲ್ಲು, ಒಂದು ಒಳ್ಳೆಯ ಪ್ಲಗ್ ಪಾಯಿಂಟು ಕೊಡಿ. ಅವರು ತಮ್ಮ ಯಂತ್ರವನ್ನೂ ಹುಡುಗನನ್ನೂ ತಂದು ಕೂರಿಸುತ್ತಾರೆ. ಸಮಿತಿಯ ಪ್ರಿಂಟುಗಳಿಗೆ ಸಹಿ ಮಾಡಿದ ಚೀಟಿ, ತಂಡಗಳು ತಮಗಾಗಿ ತೆಗೆಸುವುದಕ್ಕೆ ನಗದು ಅಥವಾ ಯುಪಿಐ.

ಅಂಗಡಿಯವರು ಮೊದಲು ಕೇಳುವುದು ಒಂದೇ ಮಾತು: “ಸರ, ಮಷೀನ್ ತಂದು ಹಚ್ಚತೀವ್ರಿ, ಆದ್ರ ಮೂರು ದಿನಾ ಅಂಗಡಿ ಬಿಟ್ಟು ಬರಬೇಕಂದ್ರ ಇಷ್ಟರ ಆಗಬೇಕ್ರಿ.” ಆ ‘ಇಷ್ಟರ’ ಎಂಬ ಕನಿಷ್ಠ ಮೊತ್ತವನ್ನು ಮಾತಾಡಿ ಗೊತ್ತುಮಾಡಿ, ಬರೆದಿಡಿ. ಪುಟದ ಲೆಕ್ಕ ಅದಕ್ಕಿಂತ ಕಡಿಮೆ ಬಂದರೆ ಕನಿಷ್ಠ ಮೊತ್ತ ಕೊಡಬೇಕು, ಹೆಚ್ಚಾದರೆ ಪುಟದ ಲೆಕ್ಕದಂತೆ ಕೊಡಬೇಕು. ಈ ಏರ್ಪಾಡಿನ ದೊಡ್ಡ ಲಾಭವೆಂದರೆ ಯಂತ್ರದ ಮನಸ್ಸು ಬಲ್ಲ ಮನುಷ್ಯ ಅದರ ಪಕ್ಕದಲ್ಲೇ ಇರುತ್ತಾನೆ. ಹಾಳೆ ಸಿಕ್ಕಿಕೊಂಡರೆ ಯಾವ ಬಾಗಿಲು ತೆರೆದು ಯಾವ ಕಡೆಗೆ ಎಳೆಯಬೇಕು, ಟೋನರ್ ಮುಗಿಯುವ ಸೂಚನೆ ಬಂದಮೇಲೂ ಇನ್ನೆಷ್ಟು ಪುಟ ಬರುತ್ತವೆ ಎಂಬುದು ಆ ಹುಡುಗನಿಗೆ ಕೈಗೂಡಿದ ವಿದ್ಯೆ. ಸ್ವಯಂಸೇವಕರಿಗೆ ಅದನ್ನು ಆ ದಿನ ಬೆಳಿಗ್ಗೆ ಕಲಿಸಲು ಆಗುವುದಿಲ್ಲ.

ತೊಡಕು ಒಂದಿದೆ. ಹ್ಯಾಕಥಾನಿನ ಸಮಸ್ಯೆ ಹೇಳಿಕೆಗಳು, ರಸಪ್ರಶ್ನೆಯ ಪತ್ರಿಕೆ, ಘೋಷಣೆಗೆ ಮುಂಚಿನ ಫಲಿತಾಂಶ ಇಂಥವನ್ನು ಸಾರ್ವಜನಿಕ ಸ್ಟಾಲಿನಲ್ಲಿ ತೆಗೆಸುವ ಹಾಗಿಲ್ಲ. ಅದಕ್ಕೆಂದು ಸಮಿತಿಯ ಕೋಣೆಯೊಳಗೆ ಒಂದು ಚಿಕ್ಕ ಲೇಸರ್ ಪ್ರಿಂಟರ್ ಇರಲೇಬೇಕು. ಯಾವುದಾದರೂ ವಿಭಾಗದಿಂದ ಗೇಟ್ ಪಾಸ್ ಮಾಡಿಸಿ ತಂದರೆ ಸಾಕು.

ಬಾಡಿಗೆ ಯಂತ್ರ

ನಮ್ಮ ಕಡೆ ಪ್ರಿಂಟರ್ ಬಾಡಿಗೆಗೆ ಕೊಡುವವರ ಮುಖ್ಯ ವ್ಯವಹಾರ ಕಚೇರಿ, ಆಸ್ಪತ್ರೆ, ಬ್ಯಾಂಕುಗಳಿಗೆ ತಿಂಗಳ ಲೆಕ್ಕದಲ್ಲಿ ಕೊಡುವುದು. ಮೂರು ದಿನಕ್ಕೆ ಕೇಳಿದಾಗ ಅವರು ಹೇಳುವ ದರದಲ್ಲಿ ಗಾಡಿ ಬಾಡಿಗೆ, ಇಬ್ಬರು ಎತ್ತಿ ಇಳಿಸುವ ಕೂಲಿ, ಹಚ್ಚಿಕೊಡುವ ಖರ್ಚು ಸೇರಿರುತ್ತವೆ. ಆದ್ದರಿಂದ ದಿನದ ದರವನ್ನು ತಿಂಗಳ ದರದ ಜೊತೆ ಹೋಲಿಸಿ ಬೇಸರಪಡುವುದರಲ್ಲಿ ಅರ್ಥವಿಲ್ಲ. ಕೆಲವು ಸಲ ಪೂರ್ತಿ ತಿಂಗಳ ಬಾಡಿಗೆಯೇ ಮೂರು ದಿನದ್ದಕ್ಕೆ ಹತ್ತಿರ ಬರುತ್ತದೆ. ಆಗ ತಿಂಗಳಿಗೇ ತೆಗೆದುಕೊಂಡು ಪೂರ್ವಸಿದ್ಧತೆಯ ಕೆಲಸವನ್ನೂ ಅದರಲ್ಲೇ ಮುಗಿಸಿ.

ದರ ಹೇಳುವ ರೀತಿ ಎರಡು. ಒಂದರಲ್ಲಿ ದಿನಕ್ಕೆ ಇಂತಿಷ್ಟು, ಎಷ್ಟು ಬೇಕಾದರೂ ತೆಗೆಯಿರಿ, ಟೋನರ್ ನಿಮ್ಮದು. ಇನ್ನೊಂದರಲ್ಲಿ ಬಾಡಿಗೆಯ ಜೊತೆ ಇಂತಿಷ್ಟು ಪುಟ ಉಚಿತ, ಮೇಲಿನದಕ್ಕೆ ಪುಟಕ್ಕೆ ಇಷ್ಟು ಪೈಸೆ, ಟೋನರ್ ಅವರದು. ತಾತ್ಕಾಲಿಕ ಕಾರ್ಯಕ್ರಮಕ್ಕೆ ಎರಡನೆಯದೇ ಸರಿ. ಟೋನರ್ ಅವರದಾಗಿದ್ದರೆ ಅರ್ಧ ಮುಗಿದ ಕಾರ್ಟ್ರಿಜ್ ಹಾಕಿ ಕಳಿಸಲು ಅವರೇ ಹಿಂಜರಿಯುತ್ತಾರೆ.

ಪುಟ ಎಣಿಕೆಯಲ್ಲಿ ಕಣ್ಣಿಟ್ಟು ಓದಬೇಕಾದ ಮಾತುಗಳಿವೆ. ಒಂದು ಹಾಳೆಯ ಎರಡೂ ಬದಿ ಮುದ್ರಿಸಿದರೆ ಯಂತ್ರದ ಮೀಟರ್ ಎರಡು ಎಣಿಸುತ್ತದೆ. ಎ3 ಹಾಳೆಯ ಒಂದು ಬದಿಯನ್ನು ಅನೇಕ ಕಡೆ ಎರಡು ಎ4 ಎಂದೇ ಹಿಡಿಯುತ್ತಾರೆ. ಕಲರ್ ಯಂತ್ರದಲ್ಲಿ ಪುಟದ ಮೂಲೆಯಲ್ಲಿ ಕಾಲೇಜಿನ ಬಣ್ಣದ ಲಾಂಛನ ಒಂದಿದ್ದರೂ ಅದು ಕಲರ್ ಪುಟ, ಅದರ ದರ ಕಪ್ಪು-ಬಿಳುಪಿನ ಎಷ್ಟೋ ಪಟ್ಟು. ಅಂಕಪಟ್ಟಿಯ ಲಾಂಛನವನ್ನು ಕಪ್ಪು ಮಾಡಿ, ಕಂಪ್ಯೂಟರಿನ ಪ್ರಿಂಟರ್ ಡ್ರೈವರ್ ಸೆಟ್ಟಿಂಗಿನಲ್ಲಿ ಕಪ್ಪು-ಬಿಳುಪನ್ನೇ ಡೀಫಾಲ್ಟ್ ಮಾಡಿಟ್ಟರೆ ಬಿಲ್ಲಿನಲ್ಲಿ ದೊಡ್ಡ ಉಳಿತಾಯ.

ಬಾಡಿಗೆ ಅಗ್ಗವೇ? ಲೆಕ್ಕ ತೋರಿಸಲು ಕೆಲವು ಅಂಕಿ ಹಿಡಿಯುತ್ತೇನೆ, ನಿಮ್ಮ ಕೊಟೇಶನ್ನಿನ ಅಂಕಿ ಹಾಕಿ ನೀವೇ ಮಾಡಿ ನೋಡಿ. ಮೂರು ದಿನಕ್ಕೆ ಬಾಡಿಗೆ ₹4,500, ಅದರಲ್ಲಿ 2,000 ಪುಟ ಉಚಿತ, ಮೇಲಿನ ಪುಟಕ್ಕೆ 80 ಪೈಸೆ, ಗಾಡಿ ₹1,000, ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. ಹಾಳೆ ನಿಮ್ಮದು, ಅದಕ್ಕೆ ಪುಟಕ್ಕೆ 35 ಪೈಸೆ ಎಂದಿಟ್ಟುಕೊಳ್ಳಿ. 4,000 ಪುಟ ತೆಗೆದರೆ ಒಟ್ಟು ₹9,778. ಅಂಗಡಿಯಲ್ಲಿ ಹಾಳೆ ಸೇರಿ ಪುಟಕ್ಕೆ ಒಂದೂವರೆ ರೂಪಾಯಿ ಎಂದರೆ ಅದೇ ಕೆಲಸ ₹6,000. ಈ ದರದಲ್ಲಿ ಎರಡೂ ಸರಿಸಮವಾಗುವುದು ಸುಮಾರು 22,000 ಪುಟ ದಾಟಿದ ಮೇಲೆ. ಅಷ್ಟು ಪುಟ ಕಾಲೇಜಿನ ಸ್ಪರ್ಧೆಯಲ್ಲಿ ಆಗುವುದು ಅಪರೂಪ. ಕಾಲೇಜಿಗೆ ಆ ಜಿಎಸ್‌ಟಿ ಸಾಮಾನ್ಯವಾಗಿ ಮರಳಿ ಬರುವುದೂ ಇಲ್ಲ, ಅದು ಖರ್ಚೇ.

ಅಂದರೆ ಬಾಡಿಗೆಗೆ ಕೊಡುವ ಹೆಚ್ಚುವರಿ ಮೂರು-ನಾಲ್ಕು ಸಾವಿರ ಆ ಒಂದು ಗಂಟೆಗಾಗಿ. ಆ ಗಂಟೆಯ ಭರವಸೆ ಕರಾರಿನಲ್ಲಿ ಇಲ್ಲದಿದ್ದರೆ ಕೊಟ್ಟ ದುಡ್ಡಿಗೆ ಏನೂ ಸಿಕ್ಕಂತಾಗಲಿಲ್ಲ. ಆದ್ದರಿಂದ ಬರಹದಲ್ಲಿ ಇದನ್ನು ಪಡೆಯಲೇಬೇಕು: ಯಂತ್ರ ನಿಂತರೆ ಎಷ್ಟು ಹೊತ್ತಿನಲ್ಲಿ ಮೆಕ್ಯಾನಿಕ್ ಬರುತ್ತಾರೆ, ರಿಪೇರಿಯಾಗದಿದ್ದರೆ ಎಷ್ಟು ಹೊತ್ತಿನಲ್ಲಿ ಬದಲಿ ಯಂತ್ರ ಬರುತ್ತದೆ, ಭಾನುವಾರ ಫೋನ್ ಎತ್ತುವವರು ಯಾರು. ಸ್ಪರ್ಧೆಯ ಕೊನೆಯ ದಿನ ಬಹಳ ಸಲ ಭಾನುವಾರವೇ ಬರುತ್ತದೆ. ‘ನೋಡೋಣ್ರಿ, ಕಳಿಸ್ತೀವಿ’ ಎಂಬ ಮಾತು ಗದಗಿನಲ್ಲಿ ಸ್ಪರ್ಧೆಯಿದ್ದು ಯಂತ್ರ ಹುಬ್ಬಳ್ಳಿಯಿಂದ ಬಂದಿದ್ದರೆ ಸಾಲದು, ಏಕೆಂದರೆ ದಾರಿಯೇ ಒಂದು ಗಂಟೆಗಿಂತ ಹೆಚ್ಚು. ಅಂಥ ಕಡೆ ಮೊದಲೇ ಎರಡು ಯಂತ್ರ ತರಿಸಿಕೊಳ್ಳಿ. ದೊಡ್ಡದೊಂದು ತರುವ ಬದಲು ಮಧ್ಯಮದ್ದು ಎರಡು ತರುವುದು ನನ್ನ ಪ್ರಕಾರ ಯಾವಾಗಲೂ ಮೇಲು.

ಕೊಂಡುಬಿಡುವುದು

ವರ್ಷಕ್ಕೆ ನಾಲ್ಕಾರು ಕಾರ್ಯಕ್ರಮ ಮಾಡುವ ವಿದ್ಯಾರ್ಥಿ ಸಂಘಕ್ಕೆ ಖರೀದಿಯೂ ಯೋಚಿಸತಕ್ಕ ಮಾತೇ. ಇಂಕ್ ಟ್ಯಾಂಕ್ ಪ್ರಿಂಟರುಗಳ ಪುಟವೆಚ್ಚ ಬಹಳ ಕಡಿಮೆ. ಮೇಲೆ ಹೇಳಿದ ಎಪ್ಸನ್ ಯಂತ್ರದ ಒಂದು ಕಪ್ಪು ಇಂಕ್ ಬಾಟಲಿಗೆ 4,500 ಪುಟ, ಮೂರು ಬಣ್ಣದ ಬಾಟಲಿಗಳಿಗೆ ಸೇರಿ 7,500 ಪುಟ ಎಂದು ಕಂಪನಿಯೇ ಹೇಳುತ್ತದೆ. ಆದರೆ ಎರಡು ಗುಣಗಳನ್ನು ತಿಳಿದು ಕೊಳ್ಳಿ. ಒಂದು, ಇದನ್ನು ಸುಮ್ಮನೆ ಬಿಡಬಾರದು. ಸೆಮಿಸ್ಟರ್ ರಜೆಯಲ್ಲಿ ಎರಡು ತಿಂಗಳು ಮುಟ್ಟದೆ ಇಟ್ಟರೆ ಮುದ್ರಣ ತಲೆಯ ಸೂಕ್ಷ್ಮ ರಂಧ್ರಗಳಲ್ಲಿ ಇಂಕ್ ಒಣಗಿ ಕೂರುತ್ತದೆ, ಗೆರೆಗೆರೆಯಾಗಿ ಬರಲು ಶುರುವಾಗುತ್ತದೆ. ವಾರಕ್ಕೊಂದು ಕಲರ್ ಪುಟ ತೆಗೆಯುವ ಜವಾಬ್ದಾರಿ ಒಬ್ಬರಿಗೆ ಇರಬೇಕು. ಎರಡು, ನೀರಿನಲ್ಲಿ ಕರಗುವ ಬಣ್ಣದ ಡೈ ಇಂಕಿನ ಬರಹ ನೀರು ತಾಗಿದರೆ ಹರಡುತ್ತದೆ. ಧಾರವಾಡದ ಜುಲೈನ ಜಿಟಿಜಿಟಿ ಮಳೆಯಲ್ಲಿ ಹೊರಗೆ ನಿಂತ ವಾಹನಕ್ಕೆ ಅಂಟಿಸಿದ ‘ತಪಾಸಣೆ ಪಾಸ್’ ಚೀಟಿ ಸಂಜೆಗೆ ಓದಲು ಬಾರದಂತಾಗುತ್ತದೆ. ಲೇಸರ್ ಮುದ್ರಣ ಹಾಗಲ್ಲ, ಟೋನರ್ ಎಂಬುದು ಕಾಗದದ ಮೇಲೆ ಕರಗಿ ಅಂಟಿದ ಪ್ಲಾಸ್ಟಿಕ್ ಪುಡಿ, ಹನಿ ಬಿದ್ದರೆ ಅಳಿಸಿಹೋಗುವುದಿಲ್ಲ.

ಇನ್ನೊಂದು ಬಗೆಯ ಖರೀದಿ ಸೆಕೆಂಡ್‌ಹ್ಯಾಂಡ್ ಲೇಸರ್. ಎಚ್‌ಪಿ 1020, ಎಚ್‌ಪಿ ಎಂ1005, ಕ್ಯಾನನ್ ಎಲ್‌ಬಿಪಿ 2900 ಈ ಮೂರು ಹಳೆಯ ಗಟ್ಟಿಗರನ್ನು ನಮ್ಮ ಊರುಗಳ ರಿಪೇರಿ ಅಂಗಡಿಗಳಲ್ಲಿ ಕಾಣದಿರುವುದು ಕಷ್ಟ. ಹಾಳೆ ಎಳೆಯುವ ಪಿಕಪ್ ರೋಲರ್, ಟೋನರ್ ಕರಗಿಸುವ ಫ್ಯೂಸರಿನ ಫಿಲ್ಮ್ ಇಂಥ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ರೀಫಿಲ್ ಮಾಡುವವರೂ ಬೇಕಾದಷ್ಟು. 1020ಕ್ಕೆ ಹಾಕುವ 12ಎ ಕಾರ್ಟ್ರಿಜ್ಜಿಗೆ ಅಕ್ಷರಗಳಷ್ಟೇ ಇರುವ ಸಾಧಾರಣ ಪುಟದ ಲೆಕ್ಕದಲ್ಲಿ 2,000 ಪುಟ. ವೇಗ ನಿಮಿಷಕ್ಕೆ ಹದಿನಾಲ್ಕು-ಹದಿನೈದು. ಮಿತಿಯೂ ಗೊತ್ತಿರಲಿ: ಇವಕ್ಕೆ ಯುಎಸ್‌ಬಿ ಕೇಬಲ್ ಒಂದೇ ದಾರಿ, ಎರಡೂ ಬದಿ ತಾನಾಗಿ ಮುದ್ರಿಸುವುದಿಲ್ಲ. 1020ಕ್ಕಂತೂ ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರಿನಿಂದಲೇ ಫರ್ಮ್‌ವೇರ್, ಅಂದರೆ ಅದನ್ನು ಓಡಿಸುವ ಒಳತಂತ್ರಾಂಶ, ಹೋಗಬೇಕು. ಆದ್ದರಿಂದ ಡ್ರೈವರ್ ಸರಿಯಾಗಿ ಕೂತಿರುವ ಒಂದು ಲ್ಯಾಪ್‌ಟಾಪ್ ಅದರ ಜೊತೆಗೇ ಇರಬೇಕು. ಮುಖ್ಯ ಯಂತ್ರವಾಗಿ ಇವು ಸಾಲವು, ಸಮಿತಿ ಕೋಣೆಯ ಖಾಸಗಿ ಪ್ರಿಂಟರ್ ಆಗಿ ಇವಕ್ಕಿಂತ ಒಳ್ಳೆಯ ಆಯ್ಕೆ ಕಡಿಮೆ.

ಪ್ರಮಾಣಪತ್ರ: ಇಲ್ಲಿ ಸ್ವಲ್ಪ ನಿಲ್ಲೋಣ

ಎಲ್ಲ ಸ್ಪರ್ಧೆಗಳಲ್ಲೂ ಯಂತ್ರಕ್ಕೆ ನಿಜವಾದ ಪರೀಕ್ಷೆ ಪ್ರಮಾಣಪತ್ರ. ಐದು ಗಂಟೆಗೆ ಕೊನೆಯ ಫಲಿತಾಂಶ ಬರುತ್ತದೆ, ಐದೂವರೆಗೆ ಸಮಾರೋಪ, ವೇದಿಕೆಯ ಮೇಲೆ ಅತಿಥಿಗಳು ಕೂತಾಗಿದೆ. ಆ ಅರ್ಧ ಗಂಟೆಯಲ್ಲಿ ವಿಜೇತರ ಹೆಸರು ಅಚ್ಚಾಗಿ, ಸಹಿಯಾಗಿ, ಫೋಲ್ಡರಿಗೆ ಸೇರಬೇಕು. ವರ್ಷವಿಡೀ ದುಡಿದ ಹುಡುಗಿಯ ಕೈಗೆ ಹೆಸರು ತಪ್ಪಾದ, ಮಸಿ ಮೆತ್ತಿದ ಪ್ರಮಾಣಪತ್ರ ಸಿಗಬಾರದು. ಅವಳು ಅದನ್ನು ಇನ್ನು ಹತ್ತು ವರ್ಷ ಸಂದರ್ಶನಗಳಿಗೆ ಒಯ್ಯುತ್ತಾಳೆ.

ಎಲ್ಲವನ್ನೂ ಕಲರ್ ಯಂತ್ರದಲ್ಲಿ ಸ್ಥಳದಲ್ಲೇ ತೆಗೆಯಬೇಕಿಲ್ಲ. ಅಂಚು, ಲಾಂಛನ, ಹಿನ್ನೆಲೆ ಇರುವ ಖಾಲಿ ಪ್ರಮಾಣಪತ್ರವನ್ನು ಹದಿನೈದು ದಿನ ಮುಂಚೆ ಆಫ್‌ಸೆಟ್ಟಿನಲ್ಲಿ ಹಾಕಿಸಿಬಿಡಿ. ಗದಗ ಮುದ್ರಣಕ್ಕೆ ಹೆಸರಾದ ಊರು, ಇಂಥ ಕೆಲಸಕ್ಕೆ ಅಲ್ಲಿನ ಪ್ರೆಸ್ಸುಗಳವರ ಕೈ ಪಳಗಿದೆ. ಸ್ಪರ್ಧೆಯ ದಿನ ಅದರ ಮೇಲೆ ಹೆಸರು, ತಂಡ, ಸ್ಥಾನ ಇಷ್ಟನ್ನು ಕಪ್ಪು ಲೇಸರಿನಲ್ಲಿ ಹಾಕಿದರಾಯಿತು. ಕಲರ್ ಯಂತ್ರದ ಬಾಡಿಗೆಯೇ ಉಳಿಯುತ್ತದೆ.

ಇಲ್ಲಿ ಕಾಗದದ ಆಯ್ಕೆಯಲ್ಲಿ ಎಚ್ಚರ ಬೇಕು. ಪ್ರೆಸ್ಸಿನವರು ಅಂದಕ್ಕಾಗಿ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಹೊಳಪಿನ ಆರ್ಟ್ ಕಾರ್ಡ್ ಹಾಕಿಕೊಡುತ್ತೇನೆ ಎನ್ನುತ್ತಾರೆ. ಚಿಕ್ಕ ಲೇಸರ್ ಪ್ರಿಂಟರುಗಳು ಸಾಮಾನ್ಯವಾಗಿ 163 ಜಿಎಸ್‌ಎಂವರೆಗಿನ ಕಾಗದಕ್ಕೆ ತಯಾರಾದವು. ದಪ್ಪ ಕಾರ್ಡು ಒಳಗಿನ ತಿರುವಿನಲ್ಲಿ ಬಾಗದೆ ಸಿಕ್ಕಿಕೊಳ್ಳುತ್ತದೆ. ಟೋನರನ್ನು ಕರಗಿಸುವ ಫ್ಯೂಸರಿನ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್. ಆಫ್‌ಸೆಟ್ಟಿಗೆಂದೇ ತಯಾರಾದ ಹೊಳಪಿನ ಲೇಪನ ಆ ಬಿಸಿಗೆ ಗುಳ್ಳೆ ಏಳಬಹುದು, ಟೋನರ್ ಸರಿಯಾಗಿ ಹಿಡಿಯದೆ ಉಗುರಿಗೆ ಕಿತ್ತು ಬರಬಹುದು. ಬಂಗಾರದ ಫಾಯಿಲ್, ಲ್ಯಾಮಿನೇಶನ್ ಮಾಡಿದ್ದನ್ನಂತೂ ಲೇಸರಿಗೆ ಹಾಕಲೇಬಾರದು, ಫಾಯಿಲ್ ಕಿತ್ತು ಫ್ಯೂಸರಿಗೆ ಅಂಟಿದರೆ ಬಾಡಿಗೆ ಯಂತ್ರದ ದುರಸ್ತಿ ನಿಮ್ಮ ತಲೆಗೆ.

ಹೊಳಪಿಲ್ಲದ, 160ರ ಆಸುಪಾಸಿನ ಗಟ್ಟಿ ಕಾಗದ ಕೇಳಿ. ಪ್ರೆಸ್ಸಿನಿಂದ ಹತ್ತು ಮಾದರಿ ಹಾಳೆ ಮೊದಲೇ ತರಿಸಿ, ಸ್ಪರ್ಧೆಯ ದಿನ ಬಳಸುವ ಅದೇ ಯಂತ್ರದಲ್ಲಿ ಓಡಿಸಿ ನೋಡಿ. ಯಂತ್ರದ ಬೈಪಾಸ್ ಟ್ರೇಯಿಂದ, ಅಂದರೆ ಕೈಯಿಂದ ಹಾಳೆ ಕೊಡುವ ಟ್ರೇಯಿಂದ, ಹಾಕಿ, ಹಿಂದಿನ ಬಾಗಿಲು ತೆರೆದಿಟ್ಟರೆ ಕೆಲವು ಯಂತ್ರಗಳಲ್ಲಿ ಹಾಳೆ ಬಾಗದೆ ನೇರ ಹೊರಬರುತ್ತದೆ. ಡ್ರೈವರಿನಲ್ಲಿ ಕಾಗದದ ಬಗೆಯನ್ನು ‘ದಪ್ಪ’ ಎಂದು ಬದಲಿಸಲು ಮರೆಯಬೇಡಿ, ಆಗಲೇ ಯಂತ್ರ ನಿಧಾನವಾಗಿ ಓಡಿ ಟೋನರನ್ನು ಪೂರ್ತಿ ಕರಗಿಸುವುದು. ಹೆಸರು ಕೂರುವ ಜಾಗ ಹಾಳೆಯಿಂದ ಹಾಳೆಗೆ ಎರಡು-ಮೂರು ಮಿಲಿಮೀಟರ್ ಸರಿಯುತ್ತದೆ. ಹೀಗಾಗಿ ವಿನ್ಯಾಸದಲ್ಲಿ ಚುಕ್ಕಿ ಗೆರೆಯ ಮೇಲೆ ಹೆಸರು ಕೂರಿಸುವ ಹಟ ಬಿಟ್ಟು ಖಾಲಿ ಜಾಗವನ್ನೇ ಧಾರಾಳವಾಗಿ ಬಿಡಿ.

ಕನ್ನಡದಲ್ಲಿ ಪ್ರಮಾಣಪತ್ರ ಕೊಡುವವರಿಗೆ ಇನ್ನೊಂದು ಮಾತು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಬಾಡಿಗೆ ಯಂತ್ರದ ಜೊತೆ ಬಂದ ಕಂಪ್ಯೂಟರಿನಲ್ಲಾಗಲಿ ಅಂಗಡಿಯಲ್ಲಾಗಲಿ ಆ ಫಾಂಟ್ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಯೂನಿಕೋಡಿನಲ್ಲೇ ಟೈಪ್ ಮಾಡಿ, ಫಾಂಟ್ ಒಳಸೇರಿಸಿದ ಪಿಡಿಎಫ್ ಮಾಡಿಯೇ ಕಳಿಸಿ. ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಒಂದು ಪ್ರತಿ ತೆಗೆದು ಕಣ್ಣಾರೆ ನೋಡಿ.

ಕರೆಂಟು, ಧೂಳು, ತೇವ, ವೈಫೈ

ಲೇಸರ್ ಯಂತ್ರ ಫ್ಯೂಸರ್ ಬಿಸಿ ಮಾಡುವಾಗ ಒಂದು ಕ್ಷಣಕ್ಕೆ ಸಾವಿರ ವಾಟ್ ಆಸುಪಾಸು ಎಳೆಯುತ್ತದೆ. ಕಂಪ್ಯೂಟರಿನ 600 ವಿಎ ಯುಪಿಎಸ್‌ಗೆ ಅದನ್ನು ಹಚ್ಚಿದರೆ ಯುಪಿಎಸ್ ಕಿರುಚಿ ಕೈಬಿಡುತ್ತದೆ, ಜೊತೆಗೆ ಅದೇ ಯುಪಿಎಸ್ ಮೇಲಿನ ನೋಂದಣಿ ಕಂಪ್ಯೂಟರೂ ಆರುತ್ತದೆ. ಹೆಸ್ಕಾಂ ಕರೆಂಟು ಹೋದಾಗ ಜನರೇಟರ್ ಇದ್ದರೆ ಸರಿ, ಆದರೆ ಸೌಂಡ್ ಸಿಸ್ಟಂ, ದೀಪಗಳ ಜೊತೆ ಒಂದೇ ಲೈನಿನಲ್ಲಿ ಬೇಡ. ಎಲೆಕ್ಟ್ರಿಷಿಯನ್ನಿಗೆ ಹೇಳಿ ಅರ್ಥಿಂಗ್ ಇರುವ ಬೇರೆ ಪಾಯಿಂಟ್ ಮಾಡಿಸಿ. ದೊಡ್ಡ ಯಂತ್ರಕ್ಕೆ 16 ಆಂಪಿಯರ್ ಪ್ಲಗ್ ಬೇಕಾಗಬಹುದು, ಯಾವುದೆಂದು ಮೊದಲೇ ಕೇಳಿಡಿ. ಇಂಕ್ ಟ್ಯಾಂಕಿನ ಬಲ ಇಲ್ಲೇ: ಹತ್ತಿಪ್ಪತ್ತು ವಾಟಿನಲ್ಲಿ ಓಡುವ ಅದು ಚಿಕ್ಕ ಯುಪಿಎಸ್ ಮೇಲೂ ನಿಲ್ಲುತ್ತದೆ. ಕರೆಂಟಿನ ಭರವಸೆಯಿಲ್ಲದ ಮೈದಾನದಲ್ಲಿ ಅದೊಂದನ್ನು ಬೆಂಬಲಕ್ಕೆ ಇಟ್ಟುಕೊಳ್ಳುವುದು ಜಾಣತನ.

ಗದಗ, ನವಲಗುಂದದ ಕಡೆಯ ಬೇಸಿಗೆಯ ಎರೆಮಣ್ಣಿನ ಧೂಳಿನಲ್ಲಿ ಪೆಂಡಾಲಿನೊಳಗೆ ಯಂತ್ರ ಇಡಲೇಬೇಡಿ, ಬಾಗಿಲಿರುವ ಕೋಣೆ ಹುಡುಕಿ. ಮಳೆಗಾಲದಲ್ಲಿ ಕಾಗದ ತೇವ ಎಳೆದುಕೊಂಡು ಸುರುಳಿಯಾಗುತ್ತದೆ, ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತವೆ. ರೀಮಿನ ಹೊದಿಕೆ ತೇವ ತಡೆಯಲೆಂದೇ ಇದೆ. ಒಂದು ರೀಮ್ ಮುಗಿಯುವವರೆಗೆ ಇನ್ನೊಂದನ್ನು ಒಡೆಯಬೇಡಿ, ರಾತ್ರಿ ಟ್ರೇಯಲ್ಲಿ ಉಳಿದ ಹಾಳೆಗಳನ್ನು ತೆಗೆದು ಹೊದಿಕೆಗೆ ಸೇರಿಸಿ.

ವೈಫೈ ಪ್ರಿಂಟಿಂಗ್ ಮನೆಯಲ್ಲಿ ಚೆಂದ. ಮುನ್ನೂರು ಮೊಬೈಲುಗಳಿರುವ ಸಭಾಂಗಣದಲ್ಲಿ, ಅದೂ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಪ್ರಿಂಟರಿನಲ್ಲಿ, ಅದು ಕೈಕೊಡುತ್ತದೆ. ಕೇಬಲ್ ಹಾಕಿ. ಪ್ರಿಂಟಿಗೆಂದೇ ಒಂದು ಲ್ಯಾಪ್‌ಟಾಪ್, ಅದರ ಮುಂದೆ ಒಬ್ಬರೇ, ಫೈಲ್ ಹೆಸರಿನಲ್ಲಿ ಗಂಟೆ-ನಿಮಿಷ. ಎಲ್ಲರ ಫೋನಿನಿಂದಲೂ ಪ್ರಿಂಟ್ ಹೊಡೆಯುವ ಸ್ವಾತಂತ್ರ್ಯ ಕೊಟ್ಟರೆ ಹಳೆಯ ಫಲಿತಾಂಶ ಸೂಚನಾ ಫಲಕದ ಮೇಲೆ ಅಂಟುವ ಅಪಾಯ ಇದ್ದೇ ಇದೆ.

ಬೇರೆ ಬಗೆಯ ಕಾರ್ಯಕ್ರಮಗಳು

ಎ1, ಎ0 ಅಳತೆಯ ದೊಡ್ಡ ಪೋಸ್ಟರುಗಳಿಗೆ ಪ್ಲಾಟರ್ (ಅಗಲ ಹಾಳೆಯ ಪ್ರಿಂಟರ್) ಬಾಡಿಗೆ ತರುವ ಯೋಚನೆ ಬೇಡ, ಊರಿನ ಪ್ಲಾಟರ್ ಅಂಗಡಿಗೆ ಹಿಂದಿನ ದಿನವೇ ಕೊಡಿ. ಹ್ಯಾಕಥಾನಿಗೆ ಥ್ರೀಡಿ ಪ್ರಿಂಟರ್ ಬಾಡಿಗೆಗೆ ತರುವವರು ಸಮಯದ ಲೆಕ್ಕ ಮಾಡಲಿ. ಅಂಗೈ ಅಗಲದ ಒಂದು ಭಾಗಕ್ಕೆ ನಾಲ್ಕು ಗಂಟೆ ಹಿಡಿದರೂ, ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಮಾದರಿಯ 36 ಗಂಟೆಯಲ್ಲಿ ಒಂದು ಯಂತ್ರ ಬಿಡದೆ ಓಡಿದರೆ ಒಂಬತ್ತು ಭಾಗ. ಇಪ್ಪತ್ತು ತಂಡಕ್ಕೆ ಅದು ಯಾವ ಮೂಲೆಗೂ ಸಾಲದು. ತಂಡಗಳಿಗೆ ಮೊದಲೇ ಸರದಿ ಹಂಚುವುದು, ಭಾಗದ ಗಾತ್ರಕ್ಕೆ ಮಿತಿ ಹಾಕುವುದು ಎರಡೂ ಬೇಕು.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ, ಅಥವಾ 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ನಡೆದ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಂಥ ಜನಸಾಗರದ ಕಾರ್ಯಕ್ರಮಗಳ ಬೇಡಿಕೆಯೇ ಬೇರೆ. ಅಲ್ಲಿ ಒಂದೊಂದು ಕೌಂಟರಿನಲ್ಲಿ ಸ್ವಲ್ಪ ಸ್ವಲ್ಪ ಪುಟ, ಆದರೆ ಕೌಂಟರುಗಳು ಹತ್ತಾರು, ಒಂದಕ್ಕೊಂದು ದೂರ. ಒಂದು ದೊಡ್ಡ ಯಂತ್ರ ಅಲ್ಲಿ ನಿಷ್ಪ್ರಯೋಜಕ. ಒಂದೇ ಮಾಡೆಲಿನ ಚಿಕ್ಕ ಲೇಸರ್‌ಗಳನ್ನು ಗುಂಪಾಗಿ ಬಾಡಿಗೆಗೆ ತನ್ನಿ, ಕೌಂಟರಿಗೊಂದು, ಮೇಲೆ ಎರಡು ಹೆಚ್ಚು. ಎಲ್ಲಕ್ಕೂ ಒಂದೇ ಕಾರ್ಟ್ರಿಜ್, ಒಂದೇ ಡ್ರೈವರ್ ಆದ್ದರಿಂದ ಒಂದು ಕೆಟ್ಟರೆ ಇನ್ನೊಂದನ್ನು ಎತ್ತಿಟ್ಟರೆ ಮುಗಿಯಿತು. ಉದ್ಯೋಗ ಮೇಳ, ಆರೋಗ್ಯ ಶಿಬಿರಗಳಿಗೂ ಇದೇ ಸರಿ.

ಯಂತ್ರ ಬಂದಾಗ, ಹೋಗುವಾಗ

ಯಂತ್ರ ಒಂದು ದಿನ ಮುಂಚೆಯೇ ಬರಲಿ. ಇಳಿಸಿ ಹಚ್ಚಿದ ಕೂಡಲೇ ಮೀಟರ್ ಅಂಕಿ ಇರುವ ಪುಟವನ್ನು ಮುದ್ರಿಸಿ, ತಂದವರ ಸಹಿ ಹಾಕಿಸಿಕೊಳ್ಳಿ. ಮೇಲ್ಮೈಯ ಗೀರು, ಮುರಿದ ಟ್ರೇ ಇದ್ದರೆ ಅವರ ಎದುರಿಗೇ ಫೋಟೋ ತೆಗೆಯಿರಿ. ಆಮೇಲೆ ಐವತ್ತು ಹಾಳೆಯನ್ನು ಎರಡೂ ಬದಿ ಬಿಡದೆ ಓಡಿಸಿ ನೋಡಿ, ತೊಂದರೆಯಿರುವ ಯಂತ್ರ ಅಷ್ಟರಲ್ಲಿ ತನ್ನ ಗುಣ ತೋರಿಸುತ್ತದೆ. ಹೆಚ್ಚುವರಿ ಟೋನರ್ ಕೈಗೆ ಬಂದಿದೆಯೇ ನೋಡಿ, ‘ಬೇಕಾದಾಗ ಕಳಿಸ್ತೀವಿ’ ಎಂಬುದಕ್ಕೆ ಒಪ್ಪಬೇಡಿ.

ಹೋಗುವ ದಿನ ಮತ್ತೊಮ್ಮೆ ಮೀಟರ್ ಪುಟ, ಮತ್ತೊಮ್ಮೆ ಸಹಿ. ದೊಡ್ಡ ಮಲ್ಟಿಫಂಕ್ಷನ್ ಯಂತ್ರಗಳ ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ, ಸ್ಕ್ಯಾನ್ ಮಾಡಿದ ಆಧಾರ್ ಪ್ರತಿಗಳು, ವಿದ್ಯಾರ್ಥಿಗಳ ಫೋನ್ ನಂಬರಿನ ಪಟ್ಟಿಗಳು ಅದರಲ್ಲಿ ಉಳಿದಿರಬಹುದು. ಯಂತ್ರ ಮುಂದಿನ ವಾರ ಇನ್ಯಾರದೋ ಕಚೇರಿಗೆ ಹೋಗುತ್ತದೆ. ಮೆಕ್ಯಾನಿಕ್ ಎದುರಿಗಿರುವಾಗಲೇ ಸೆಟ್ಟಿಂಗಿಗೆ ಹೋಗಿ ಉಳಿಸಿದ ಕೆಲಸಗಳನ್ನೂ ವಿಳಾಸ ಪುಸ್ತಕವನ್ನೂ ಅಳಿಸಿಸಿ, ಗಾಜಿನ ಮುಚ್ಚಳ ಎತ್ತಿ ಮರೆತ ಮೂಲಪ್ರತಿ ಯಾವುದಾದರೂ ಉಳಿದಿದೆಯೇ ನೋಡಿ. ಎರಡು ಮೀಟರ್ ಪುಟಗಳ ಪ್ರತಿಯನ್ನು ಬಿಲ್ಲಿಗೆ ಪಿನ್ ಮಾಡಿದ ಮೇಲೆಯೇ ಅದನ್ನು ಅಕೌಂಟ್ಸ್ ವಿಭಾಗಕ್ಕೆ ಕಳಿಸಿ.